ಹಿತ್ತಲದ ಹೂದೋಟ: ಹೂವನ್ನು ಒರೆಗೆ ಹಚ್ಚುವ ಬಗೆ

ಬಂಗಾರವನ್ನು ಕೊಳ್ಳುವಾಗ ನಾವು ಒರೆಗಲ್ಲಿಗೆ ಹಚ್ಚಿ ನೋಡುತ್ತೇವೆ. ಗಡಿಗೆಯನ್ನು ಕೊಳ್ಳುವಾಗ ಬೆರಳಿನಿಂದ ಬಡಿದು ನಾದವನ್ನು ಕೇಳುತ್ತೇವೆ. ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ, ನೊಗಕ್ಕೆ ಹೂಡಿ ನೋಡಿದ ಹೊರತು ಹಣದ ಗಂಟನ್ನು ಬಿಚ್ಚುವದಿಲ್ಲ. ಆದರೆ ಹೂವಿನ ಬೀಜವನ್ನು ಕೊಳ್ಳುವಾಗ ಮಾತ್ರ ಈ ಜಾಣತನವೆಲ್ಲ ಎಲ್ಲಿ ಅಡಗುತ್ತದೆಯೋ ತಿಳಿಯದು. ಪೊಟ್ಟಣದ ಮೇಲಿನ ಚಿತ್ರವೇ ಪ್ರಮಾಣವಾಗುತ್ತದೆ. ಅಂಗಡಿಕಾರನ ಮಾತೇ ಶಾಸ್ತ್ರವಾಗುತ್ತದೆ. ಮೂರು ತಿಂಗಳು ನೀರೆರೆದು ಕಾದ ಮೇಲೆ ಚಿತ್ರದಲ್ಲಿದ್ದುದು ಒಂದು, ಹಿತ್ತಲದಲ್ಲಿ ಅರಳಿದ್ದುದು ಇನ್ನೊಂದು ಎಂದಾದಾಗ, ನಾವು ನಮ್ಮ ಮಣ್ಣನ್ನೋ ನಮ್ಮ ಕೈಗುಣವನ್ನೋ ಹಳಿದುಕೊಂಡು ಸುಮ್ಮನಾಗುತ್ತೇವೆ.

ತಪ್ಪು ಮಣ್ಣಿನದಲ್ಲ, ಕೈಯದೂ ಅಲ್ಲ. ಅನೇಕ ಸಲ ಬೀಜದ್ದು ಕೂಡ ಅಲ್ಲ. ಬೇರೆ ಹವೆಯಲ್ಲಿ, ಬೇರೆ ನೆಲದಲ್ಲಿ, ಬೇರೆ ಉದ್ದೇಶಕ್ಕಾಗಿ ಚೆನ್ನಾಗಿದೆಯೆಂದು ಕಂಡುಬಂದ ಹೂವು ನಮ್ಮಲ್ಲಿಯೂ ಚೆನ್ನಾಗಿಯೇ ಬರಬೇಕೆಂದು ನಾವು ಪರೀಕ್ಷೆಯಿಲ್ಲದೆ ನಂಬಿದ್ದೇ ತಪ್ಪು. ಆದುದರಿಂದ ಪ್ರತಿಯೊಂದು ಮನೆಯ ಹಿತ್ತಲದಲ್ಲಿ ಪೂಜೆಗೆ ಒಂದು ಮಡಿ, ಕಣ್ಣಿಗೆ ಒಂದು ಮಡಿ ಇರುವಂತೆ ಪರೀಕ್ಷೆಗೂ ಒಂದು ಮಡಿ ಇರತಕ್ಕದ್ದು ಎಂದು ಈ ತಿಂಗಳು ನಾವು ನಮ್ಮ ವಾಚಕರಿಗೆ ಸೂಚಿಸಲಿಚ್ಛಿಸುತ್ತೇವೆ.

ಹೂವು ಚೈನಿಯ ವಸ್ತು, ಅದಕ್ಕೆ ಇಷ್ಟು ಗೊಂದಲವೇಕೆ ಎಂದು ಕೆಲವರು ಕೇಳಬಹುದು. ಪೇಟೆಯ ಗೃಹಸ್ಥನಿಗೆ ಹಾನಿಯು ಒಂದು ಪೊಟ್ಟಣದ ಬೆಲೆಯಷ್ಟೇ ಎಂಬುದು ನಿಜ. ಆದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಗಳಲ್ಲಿ ಹತ್ತು ಗುಂಟೆಯಲ್ಲಿಯೋ ಇಪ್ಪತ್ತು ಗುಂಟೆಯಲ್ಲಿಯೋ ಚೆಂಡು ಹೂ, ಶಾವಂತಿಗೆ, ಗಲಾಟೆ ಹೂಗಳನ್ನು ಬೆಳೆದು ಸಂತೆಗೆ ಒಯ್ಯುವ ಒಕ್ಕಲುಮನೆಗಳುಂಟು. ಅವರಿಗೆ ಮಾನವಮಿಯ ಹಿಂದಿನ ದಿನದ ಬುಟ್ಟಿಗೂ ಮರುದಿನದ ಬುಟ್ಟಿಗೂ ಇರುವ ಅಂತರವು ವರ್ಷದ ಅರಿವೆ-ಅಂಚಡಿಯ ಅಂತರವಾಗಿರುತ್ತದೆ. ಆಯುಧಪೂಜೆಯ ಮುಂಜಾನೆ ಕೈಗೆ ಸಿಕ್ಕದ ಹೂವು ಹುಣ್ಣಿಮೆಯ ಹೊತ್ತಿಗೆ ರಾಶಿರಾಶಿಯಾಗಿ ಅರಳಿದರೆ, ಕೀಳುವ ಕೂಲಿ ಕೂಡ ಹುಟ್ಟುವದಿಲ್ಲ. ತಳಿಯನ್ನು ಪರೀಕ್ಷಿಸದೆ ಹೊಲಕ್ಕೆಲ್ಲ ಹಚ್ಚುವದು ಅಂಥವರಿಗೆ ಜೂಜೇ ಸರಿ. ಅವರು ಹೊಲದಲ್ಲಿ ಕಳೆದುಕೊಳ್ಳುವದನ್ನು ಹಿತ್ತಲದ ನಾಲ್ಕು ಮೊಳ ನೆಲದಲ್ಲಿ ಮೊದಲೇ ಅರಿತುಕೊಳ್ಳಲು ಬರುತ್ತದೆ.

ಇದರಲ್ಲಿ ಪಂಚಾಂಗದ ಮಾತೂ ಒಂದಿದೆ. ಗಿಡವು ಸೂರ್ಯನನ್ನು ನೋಡಿ ನಡೆಯುತ್ತದೆ; ಹಬ್ಬವು ಚಂದ್ರನನ್ನು ನೋಡಿ ಬರುತ್ತದೆ. ವಿಜಯದಶಮಿಯು ೨೦೨೩ರಲ್ಲಿ ಅಕ್ಟೋಬರ ೨೪ಕ್ಕೆ, ೨೦೨೪ರಲ್ಲಿ ಅಕ್ಟೋಬರ ೧೨ಕ್ಕೆ, ೨೦೨೫ರಲ್ಲಿ ಅಕ್ಟೋಬರ ೨ಕ್ಕೆ ಬಂದಿತು. ಮೂರೇ ವರ್ಷಗಳಲ್ಲಿ ಇಪ್ಪತ್ತೆರಡು ದಿವಸಗಳ ಹಿಂದುಮುಂದು! ‘ಆರಿದ್ರಾ ಮಳೆಗೆ ಸಸಿ ಹಾಕಿದರೆ ದಸರೆಗೆ ಹೂವು’ ಎಂಬಂತಹ ಅಂದಾಜು ಒಂದು ವರ್ಷ ಫಲಿಸಿ ಮತ್ತೊಂದು ವರ್ಷ ಕೈಕೊಡುವದು ಇದರಿಂದಲೇ. ಇನ್ನು ೧೮೨೪ರ ಅಕ್ಟೋಬರ ೨೩ರಂದು ರಾಣಿ ಚನ್ನಮ್ಮನವರ ಪಡೆ ಪಡೆದ ಜಯದ ನೆನಪಿಗಾಗಿ ನಡೆಯುವ ಕಿತ್ತೂರು ಉತ್ಸವವು ಇಂಗ್ರಜಿ ತಾರೀಖನ್ನೇ ಹಿಡಿದು ಬರುತ್ತದೆ. ದೀಪಾವಳಿಯ ಪಾಡ್ಯದಂದು ಸೆಗಣಿಯ ಪಾಂಡವರಿಗೆ ಮುಡಿಸುವ ಚೆಂಡು ಹೂ ಮತ್ತೆ ತಿಥಿಯನ್ನು ಹಿಡಿದು ಬೇಕಾಗುತ್ತದೆ. ಬಿತ್ತಿದ ದಿನದಿಂದ ಮೊದಲ ಹೂವಿನ ವರೆಗೆ ತನ್ನ ನೆಲದಲ್ಲಿ ಎಷ್ಟು ದಿನ ಹಿಡಿಯುತ್ತದೆಂಬುದನ್ನು ಬಲ್ಲವನು ಯಾವ ವರ್ಷಕ್ಕಾದರೂ ಲೆಕ್ಕ ಹಾಕಬಲ್ಲನು. ಒಂದು ತಳಿಯು ಎಪ್ಪತ್ತೈದು ದಿನ ತೆಗೆದುಕೊಳ್ಳುವದೆಂದು ಇಟ್ಟುಕೊಳ್ಳೋಣ. ಅಕ್ಟೋಬರ ೨ರ ಹಬ್ಬಕ್ಕೆ ಅದನ್ನು ಜುಲೈ ೧೯ಕ್ಕೆ ಬಿತ್ತಬೇಕು. ಅಕ್ಟೋಬರ ೨೪ರ ಹಬ್ಬಕ್ಕೆ ಆಗಸ್ಟ ೧೦ಕ್ಕೆ ಬಿತ್ತಬೇಕು. ಒಂದೆರಡು ಹೂವು ಸಾಲದೆ ಬುಟ್ಟಿ ತುಂಬ ಬೇಕೆಂಬವರು ಇನ್ನೂ ಹತ್ತು ಹನ್ನೆರಡು ದಿನ ಮೊದಲೇ ಬಿತ್ತಬೇಕು. ಆದರೆ ಆ ಎಪ್ಪತ್ತೈದು ಎಂಬ ಅಂಕೆಯನ್ನು ಯಾರೂ ನಮಗೆ ಕೊಡಲಾರರು. ನಮ್ಮ ಮಡಿಯೇ ಕೊಡಬೇಕು.

ಏಕೆಂದರೆ ಕಿತ್ತೂರ ನಾಡೆಂದು ನಾವು ಒಂದೇ ಹೆಸರಿನಿಂದ ಕರೆದರೂ ಅದರ ನೆಲ ಒಂದೇ ಅಲ್ಲ. ಪಡುವಣ ಕಿತ್ತೂರಿನ ಕಡೆ ಮಲೆನಾಡಿನ ಸೆರಗು ತಾಕುತ್ತದೆ. ಮಳೆ ಹೆಚ್ಚು, ಕೆಂಪು ಮಸಾರಿ ನೆಲ, ನೀರು ಬೇಗ ಬಸಿದುಹೋಗುತ್ತದೆ. ಬೈಲಹೊಂಗಲದ ಸುತ್ತ ಎರಿಭೂಮಿ. ಮಳೆಗಾಲದಲ್ಲಿ ಕಾಲು ಇಟ್ಟರೆ ಕೀಳಲು ಬಾರದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಸವದತ್ತಿಯಲ್ಲಿ ಗುಡ್ಡದ ಕಲ್ಲುನೆಲವೂ ಉಂಟು, ಮಲಪ್ರಭೆಯ ನೀರುಂಡ ಎರಿಯೂ ಉಂಟು. ರಾಮದುರ್ಗದ ಕಡೆಗೆ ಸರಿದಂತೆ ಮಳೆ ಕಡಿಮೆಯಾಗಿ ಬಿಸಿಲೂ ಗಾಳಿಯೂ ಹೆಚ್ಚುತ್ತವೆ. ಕಿತ್ತೂರಿನಲ್ಲಿ ಮಳೆಗೆ ಕೊಳೆಯದೆ ನಿಲ್ಲುವ ಗುಣವು ಹೂವಿಗೆ ದೊಡ್ಡ ಗುಣ. ರಾಮದುರ್ಗದಲ್ಲಿ ಬಾಡದೆ ನಿಲ್ಲುವದು ದೊಡ್ಡ ಗುಣ. ಒಂದೇ ಪೊಟ್ಟಣದ ಬೀಜವು ಈ ಎರಡಕ್ಕೂ ಒಂದೇ ಉತ್ತರವನ್ನು ಹೇಗೆ ಕೊಟ್ಟೀತು?

ಹೂಗಳನ್ನು ಬಯಲಿನಲ್ಲಿ ಸಾಲಾಗಿ ಹಚ್ಚಿ ಒಂದರೊಡನೆ ಒಂದನ್ನು ಹೋಲಿಸಿ ನೋಡುವ ಪದ್ಧತಿಯು ಲೋಕಕ್ಕೆ ಹೊಸದಲ್ಲ. ಇಂಗ್ಲಂಡದ ರಾಯಲ್ ಹಾರ್ಟಿಕಲ್ಚರಲ್ ಸೊಸಾಯಿಟಿಯವರು ೧೮೬೦ರ ಸುಮಾರಿಗೆ ಚಿಸ್ವಿಕ್ ಎಂಬಲ್ಲಿ ಇಂತಹ ಪರೀಕ್ಷೆಗಳನ್ನು ಕ್ರಮವಾಗಿ ಆರಂಭಿಸಿದರು. ೧೯೦೩ರಲ್ಲಿ ಅವರಿಗೆ ವಿಜ್ಲಿ ಎಂಬಲ್ಲಿ ದೊಡ್ಡ ತೋಟವೊಂದು ದಾನವಾಗಿ ಬಂದ ಮೇಲೆ ಪರೀಕ್ಷೆಯ ಮಡಿಗಳೂ ಅಲ್ಲಿಗೆ ಹೋದವು. ಸಾಮಾನ್ಯ ಗೃಹಸ್ಥನ ತೋಟಕ್ಕೆ ತಕ್ಕ ಗಿಡವೆಂದು ಅವರು ಕೊಡುವ ಮರ್ಯಾದೆಯು ೧೯೨೨ರಿಂದ ನಡೆದುಬಂದಿದೆ. ಅಮೇರಿಕೆಯಲ್ಲಿ ೧೯೩೨ರಲ್ಲಿ ರೇ ಹೇಸ್ಟಿಂಗ್ಸ್ ಎಂಬವರ ಪ್ರಯತ್ನದಿಂದ ‘ಆಲ್ ಅಮೇರಿಕಾ ಸಿಲೆಕ್ಷನ್ಸ್’ ಎಂಬ ಸಂಸ್ಥೆ ಹುಟ್ಟಿತು. ಪತ್ರಿಕೆಯವರು ಹೊಸ ಬೀಜಗಳ ವಿಷಯವಾಗಿ ನಂಬತಕ್ಕ ಮಾತು ಬರೆಯುವದಕ್ಕೆ ಆಧಾರ ಬೇಕೆಂಬುದು ಅದರ ಮೂಲ ಉದ್ದೇಶ. ಮರುವರ್ಷವೇ ಮೊದಲ ಬಹುಮಾನಗಳು ಪ್ರಕಟವಾದವು.

ಈ ಅಮೇರಿಕೆಯ ಪದ್ಧತಿಯಲ್ಲಿ ನಾವು ಕಲಿಯತಕ್ಕವು ಮೂರು ಸಂಗತಿಗಳು. ಮೊದಲನೆಯದು, ಬೀಜ ಯಾರದೆಂಬುದನ್ನು ಪರೀಕ್ಷಕರಿಗೆ ತಿಳಿಸುವದಿಲ್ಲ. ಮಡಿಯ ಮೇಲೆ ಅಂಕೆ ಮಾತ್ರ ಇರುತ್ತದೆ. ದೊಡ್ಡ ಅಂಗಡಿಯ ಹೆಸರು ಕಣ್ಣನ್ನು ಕಟ್ಟಲಾರದು. ಎರಡನೆಯದು, ಹೊಸದನ್ನು ಒಂಟಿಯಾಗಿ ನೋಡುವದಿಲ್ಲ; ಅದಕ್ಕೆ ಹತ್ತಿರದ, ಈಗಾಗಲೆ ಜನರು ಮೆಚ್ಚಿದ ಹಳೆಯ ತಳಿಯನ್ನು ಮಗ್ಗುಲಲ್ಲಿಯೇ ಹಚ್ಚುತ್ತಾರೆ. ಹಳೆಯದಕ್ಕಿಂತ ಮೇಲಲ್ಲದಿದ್ದರೆ ಹೊಸದು ಎಷ್ಟು ಚೆಲುವಾಗಿದ್ದರೂ ಅದಕ್ಕೆ ಮರ್ಯಾದೆಯಿಲ್ಲ. ಮೂರನೆಯದು, ಒಂದೇ ಊರಿನ ತೀರ್ಪನ್ನು ನಂಬುವದಿಲ್ಲ. ದೇಶದ ನಾನಾ ಹವೆಯ ನಾನಾ ತೋಟಗಳಿಂದ ಸೊನ್ನೆಯಿಂದ ಐದರ ವರೆಗಿನ ಗುಣಾಂಕಗಳನ್ನು ತರಿಸಿ ಕೂಡಿಸಿ ನೋಡುತ್ತಾರೆ.

ನಮ್ಮ ಕನ್ನಡ ನಾಡಿನಲ್ಲಿಯೂ ಈ ಕಾರ್ಯಕ್ಕೆ ಪರಂಪರೆಯಿದೆ. ಹೈದರ ಅಲಿಯು ೧೭೬೦ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲಬಾಗವು ಪರದೇಶದ ಗಿಡಗಳನ್ನು ತಂದು ನಮ್ಮ ಹವೆಗೆ ಒಗ್ಗಿಸಿ ನೋಡುವ ತಾಣವಾಯಿತು. ೧೯೦೮ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರೂ ಅವರ ತರುವಾಯ ಎಚ್. ಸಿ. ಜವರಾಯರೂ ಎಂ. ಎಚ್. ಮರಿಗೌಡರೂ ಆ ಕೆಲಸವನ್ನು ಬೆಳೆಸಿದರು. ೧೯೬೭ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಪರೀಕ್ಷಿಸಿ ಬಿಡುಗಡೆ ಮಾಡಿದ ಆಸ್ಟರ್ ಹೂವಿನ ಕಾಮಿನಿ, ಪೂರ್ಣಿಮಾ, ಶಶಾಂಕ, ವಾಯಲೆಟ್ ಕುಶನ್ ಎಂಬ ತಳಿಗಳೂ, ಸುಗಂಧರಾಜದ ಒಂಟಿ ಎಸಳಿನ ಶೃಂಗಾರ ಮತ್ತು ಸುತ್ತೆಸಳಿನ ಸುವಾಸಿನಿ ಎಂಬ ತಳಿಗಳೂ ನಮ್ಮ ರೈತರಿಗೆ ಪರಿಚಿತವಾಗಿವೆ.

ಆದರೆ ನಮ್ಮ ಭಾಗದವರಿಗೆ ಎಲ್ಲಕ್ಕೂ ಹತ್ತಿರದ ಉದಾಹರಣೆಯು ಅರಭಾವಿಯದು. ಘಟಪ್ರಭೆಯ ಸೀಮೆಯ ಈ ಊರಿನಲ್ಲಿರುವ ತೋಟಗಾರಿಕಾ ಮಹಾವಿದ್ಯಾಲಯಕ್ಕೆ ಕಿತ್ತೂರ ರಾಣಿ ಚನ್ನಮ್ಮನವರ ಹೆಸರನ್ನೇ ಇಟ್ಟಿದ್ದಾರೆ. ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಅದು, ೨೦೦೮ರಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಅದರ ಅಂಗವಾಯಿತು. ಸಮುದ್ರಮಟ್ಟದಿಂದ ಸುಮಾರು ೬೧೨ ಮೀಟರು ಎತ್ತರದಲ್ಲಿ, ಉತ್ತರದ ಒಣ ವಲಯದಲ್ಲಿ ಅರಭಾವಿಯಿದೆ. ಆದುದರಿಂದ ಅಲ್ಲಿಯ ಫಲಿತಾಂಶಗಳು ಬೆಂಗಳೂರಿನವಕ್ಕಿಂತ ಸವದತ್ತಿ-ರಾಮದುರ್ಗಗಳಿಗೆ ಹೆಚ್ಚು ಸಲ್ಲುತ್ತವೆ. ಅಲ್ಲಿಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಿಗಾಗಿ ಆಸ್ಟರ್, ಶಾವಂತಿಗೆ, ಗಲಾಟೆ, ಚೆಂಡು, ಸುಗಂಧರಾಜ ಮುಂತಾದವುಗಳ ತಳಿಗಳನ್ನು ಬಯಲು ಮಡಿಗಳಲ್ಲಿ ಹಚ್ಚಿ ಹೋಲಿಸುತ್ತ ಬಂದಿದ್ದಾರೆ. ಗಿಡದ ಎತ್ತರ, ಹರವು, ಟೊಂಗೆಗಳ ಸಂಖ್ಯೆ, ಮೊದಲ ಹೂವಿಗೆ ಹಿಡಿದ ದಿನ, ಅರ್ಧದಷ್ಟು ಗಿಡಗಳು ಹೂಬಿಡಲು ಹಿಡಿದ ದಿನ, ಹೂವಿನ ಅಗಲ, ಒಂದು ಗಿಡಕ್ಕೆ ಎಷ್ಟು ಹೂವು, ನೂರು ಹೂವಿನ ತೂಕ, ಕಿತ್ತ ಮೇಲೆ ಎಷ್ಟು ದಿನ ತಾಜಾ ಉಳಿಯುತ್ತದೆಂಬುದು, ಇವೆಲ್ಲವನ್ನು ಅಳೆದು ಬರೆದಿಡುತ್ತಾರೆ. ಪ್ರತಿ ತಳಿಗೂ ಒಂದೇ ಮಡಿಯನ್ನು ಕೊಟ್ಟು ಬಿಡುವದಿಲ್ಲ. ಬೇರೆ ಬೇರೆ ಜಾಗಗಳಲ್ಲಿ ಮೂರು ನಾಲ್ಕು ಸಲ ಹಚ್ಚುತ್ತಾರೆ.

ಹೀಗೆ ಮರಳಿ ಮರಳಿ ಹಚ್ಚುವದೇಕೆ ಎಂಬುದರಲ್ಲಿಯೇ ಪರೀಕ್ಷೆಯ ಜೀವಾಳವಿದೆ. ನೆಲವು ಕಣ್ಣಿಗೆ ಒಂದೇ ಸಮನಾಗಿ ಕಂಡರೂ ಹಾಗಿರುವದಿಲ್ಲ. ಹಿತ್ತಲದ ಒಂದು ಮೂಲೆಯಲ್ಲಿ ಹಿಂದೆ ತಿಪ್ಪೆಯಿದ್ದೀತು. ಇನ್ನೊಂದು ಕಡೆ ಬಚ್ಚಲ ನೀರು ಹರಿದೀತು. ಮತ್ತೊಂದು ಕಡೆ ಬೇವಿನ ಮರದ ಬೇರು ಒಳಗಿಂದೊಳಗೇ ನೀರು ಹೀರೀತು. ಹೊಸ ತಳಿಯನ್ನು ತಿಪ್ಪೆಯ ಮೂಲೆಯಲ್ಲಿಯೂ ಹಳೆಯದನ್ನು ಬೇವಿನ ಬುಡದಲ್ಲಿಯೂ ಹಚ್ಚಿ ‘ಹೊಸದೇ ಮೇಲು’ ಎಂದು ತೀರ್ಪು ಕೊಟ್ಟರೆ, ನಾವು ಹೊಗಳಿದ್ದು ಹೂವನ್ನಲ್ಲ, ತಿಪ್ಪೆಯನ್ನು. ಇಂಗ್ಲಂಡದ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ೧೯೧೯ರಿಂದ ಕೆಲಸಮಾಡಿದ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರು ಈ ತೊಡಕಿಗೆ ಪರಿಹಾರವನ್ನು ಕಂಡುಹಿಡಿದರು. ನೆಲವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿಯೂ ಎಲ್ಲ ತಳಿಗಳಿಗೆ ಜಾಗ ಕೊಟ್ಟು, ಯಾವುದು ಎಲ್ಲಿ ಎಂಬುದನ್ನು ಮನಸ್ಸಿನ ಒಲವಿಗೆ ಬಿಡದೆ ಚೀಟಿ ಎತ್ತಿ ಗೊತ್ತುಮಾಡುವದೇ ಆ ಪರಿಹಾರ. ಇದಕ್ಕೆ ಪದವಿ ಬೇಕಾಗಿಲ್ಲ. ಮನೆಯ ಮಗುವಿನ ಕೈಯಿಂದ ಚೀಟಿ ಎತ್ತಿಸಿದರೆ ಸಾಕು.

ಇನ್ನು ಮನೆಯಲ್ಲಿ ಇದನ್ನು ಮಾಡುವ ಕ್ರಮವನ್ನು ಹೇಳುವೆವು. ಮೊದಲ ವರ್ಷಕ್ಕೆ ಚೆಂಡು ಹೂವೇ ಯೋಗ್ಯ. ಬೇಗ ಬರುತ್ತದೆ, ಯಾವ ನೆಲವನ್ನೂ ಹಳಿಯುವದಿಲ್ಲ.

೧. ತಳಿಗಳು: ಮೂರಕ್ಕಿಂತ ಹೆಚ್ಚು ಬೇಡ. ಎರಡು ಹೊಸವು, ಮೂರನೆಯದು ನಿಮ್ಮ ಓಣಿಯಲ್ಲಿ ಬಹುಕಾಲದಿಂದ ಬರುತ್ತಿರುವ ಊರ ಚೆಂಡು. ಈ ಮೂರನೆಯದನ್ನು ಬಿಟ್ಟರೆ ಪರೀಕ್ಷೆಯೇ ಇಲ್ಲ. ತಕ್ಕಡಿಯ ಒಂದು ಪರಡಿಯನ್ನು ಬಿಚ್ಚಿಟ್ಟು ತೂಗಿದಂತೆ.

೨. ಸಸಿ: ಮೂರರ ಬೀಜವನ್ನೂ ಒಂದೇ ದಿನ, ಒಂದೇ ಮಣ್ಣಿನಲ್ಲಿ ಬಿತ್ತತಕ್ಕದ್ದು. ಮೂವತ್ತು ಬೀಜ ಎಣಿಸಿ ಬಿತ್ತಿ, ಎಷ್ಟು ಹುಟ್ಟಿದವೆಂಬುದನ್ನು ಬರೆದಿಡಿರಿ. ಮೂರು ನಾಲ್ಕು ವಾರಗಳಲ್ಲಿ ಸಸಿ ಕೀಳಲು ಬರುತ್ತವೆ. ಬಲವಾದ ಸಸಿಗಳನ್ನೇ ಆರಿಸುವದಾದರೆ ಮೂರರಲ್ಲಿಯೂ ಹಾಗೆಯೇ ಆರಿಸಿರಿ.

೩. ಮಡಿ: ಬಿಸಿಲು ಬೀಳುವ ಕಡೆ ಒಂಬತ್ತು ಸಣ್ಣ ಮಡಿಗಳನ್ನು ಮಾಡಿರಿ; ಮೂರರಂತೆ ಮೂರು ಸಾಲು. ಒಂದೊಂದರಲ್ಲಿ ಆರು ಗಿಡ, ಗಿಡದಿಂದ ಗಿಡಕ್ಕೆ ನಾಲ್ವತ್ತು ಸೆಂಟಿಮೀಟರು. ಹೀಗೆ ಐವತ್ತನಾಲ್ಕು ಗಿಡಗಳಿಗೆ ತಿರುಗಾಡುವ ದಾರಿ ಸಹಿತ ಕಾಲು ಗುಂಟೆಯೂ ಬೇಕಾಗುವದಿಲ್ಲ. ಎರಿಭೂಮಿಯವರು ಮಡಿಯನ್ನು ಒಂದು ಗೇಣು ಎತ್ತರಿಸಿಕೊಳ್ಳಲಿ. ಮಸಾರಿಯವರು ಸ್ವಲ್ಪ ತಗ್ಗಿಸಿಕೊಳ್ಳಲಿ. ಪ್ರತಿ ಸಾಲಿನಲ್ಲಿಯೂ ಮೂರು ತಳಿಗಳಿರುವಂತೆ ಚೀಟಿ ಎತ್ತಿ ಸ್ಥಾನ ಗೊತ್ತುಮಾಡಿರಿ. ಹಿತ್ತಲವಿಲ್ಲದವರು ಒಂಬತ್ತು ಕುಂಡಗಳಲ್ಲಿ ಇದನ್ನೇ ಮಾಡಬಹುದು.

೪. ಉಪಚಾರ: ಒಂದಕ್ಕೆ ಕೊಟ್ಟ ನೀರು, ಗೊಬ್ಬರ, ಕಳೆ ತೆಗೆಯುವದು ಎಲ್ಲಕ್ಕೂ ಅದೇ ದಿನ, ಅಷ್ಟೇ ಪ್ರಮಾಣದಲ್ಲಿ. ಕುಡಿ ಚಿವುಟುವದಾದರೆ ಎಲ್ಲದರದನ್ನೂ ಚಿವುಟಿರಿ. ಚಿವುಟಿದರೆ ಟೊಂಗೆ ಹೆಚ್ಚುತ್ತವೆ, ಹೂವು ಕೆಲವು ದಿನ ತಡವಾಗುತ್ತದೆ. ಹಿಟ್ಟಿನಂತಾದ ಹಳೆಯ ತಿಪ್ಪೆಗೊಬ್ಬರವು ಸಾಕು; ಸಾರಜನಕದ ಗೊಬ್ಬರವನ್ನು ಸುರಿದರೆ ಎಲೆ ಬೆಳೆಯುತ್ತದೆ, ಹೂವು ಮರೆಯುತ್ತದೆ. ಇಷ್ಟವಾದ ತಳಿಗೆ ಗುಟ್ಟಾಗಿ ಒಂದು ತಂಬಿಗೆ ನೀರು ಹೆಚ್ಚು ಹಾಕುವ ಮೋಹವು ಎಲ್ಲರಿಗೂ ಬರುತ್ತದೆ, ಅದನ್ನು ತಡೆಯತಕ್ಕದ್ದು.

೫. ಗುರುತು: ಮಡಿಯ ಕಡ್ಡಿಯ ಮೇಲೆ ಹೆಸರು ಬರೆಯಬೇಡಿರಿ, ಅಂಕೆ ಬರೆಯಿರಿ. ಯಾವ ಅಂಕೆ ಯಾವ ತಳಿಯೆಂಬ ಪಟ್ಟಿಯು ಒಬ್ಬರ ಪೆಟ್ಟಿಗೆಯಲ್ಲಿ ಮಾತ್ರ ಇರಲಿ. ಗುಣಾಂಕ ಕೊಡುವವರು ಬೇರೆಯವರಾಗಿರಲಿ. ಮನೆಯ ಹಿರಿಯ ಹೆಣ್ಣುಮಗಳು ಒಬ್ಬರು, ಹೂ ಕಟ್ಟುವವರು ಒಬ್ಬರು, ಶಾಲೆಗೆ ಹೋಗುವ ಹುಡುಗ ಒಬ್ಬ. ಒಬ್ಬರ ಅಂಕೆಯನ್ನು ಇನ್ನೊಬ್ಬರು ನೋಡದೆ ಬರೆಯಬೇಕು.

ಇಲ್ಲಿ ನಾವು ಒಂದು ಮುಖ್ಯವಾದ ಭೇದವನ್ನು ವಾಚಕರ ಲಕ್ಷ್ಯಕ್ಕೆ ತರಬೇಕಾಗಿದೆ. ಪಾಶ್ಚಾತ್ಯರ ಪರೀಕ್ಷೆಗಳಲ್ಲಿ ಹೂವು ಗಿಡದ ಮೇಲೆ ಹೇಗೆ ಕಾಣುತ್ತದೆ, ಮಡಿಯನ್ನು ಎಷ್ಟು ತುಂಬುತ್ತದೆ ಎಂಬುದಕ್ಕೆ ಬಹಳ ಬೆಲೆ. ಅವರ ಹೂವು ಗಿಡದಲ್ಲಿ ಹುಟ್ಟಿ ಗಿಡದಲ್ಲಿಯೇ ಮುಗಿಯುವಂತಹದು. ನಮ್ಮದು ಹಾಗಲ್ಲ, ನಮ್ಮ ಹೂವಿನ ಜೀವನವು ಕಿತ್ತ ಮೇಲೆಯೇ ಆರಂಭವಾಗುತ್ತದೆ. ಅದು ಜಗುಲಿಗೆ ಹೋಗಬೇಕು, ಮುಡಿಗೆ ಏರಬೇಕು, ಬಾಗಿಲಿಗೆ ತೋರಣವಾಗಬೇಕು, ಬುಟ್ಟಿಯಲ್ಲಿ ಕುಳಿತು ಯಲ್ಲಮ್ಮನ ಗುಡ್ಡವನ್ನು ಹತ್ತಬೇಕು. ಗಿಡದ ಮೇಲೆ ರಾಜನಂತೆ ಮೆರೆದು ದಾರಕ್ಕೆ ಪೋಣಿಸುವಾಗ ಎಸಳು ಉದುರಿಸುವ ಹೂವು ನಮ್ಮ ಮನೆಗಳಿಗೆ ಸಲ್ಲದು. ಆದುದರಿಂದ ನಮ್ಮ ಪುಸ್ತಕದಲ್ಲಿ ಅವರಲ್ಲಿಲ್ಲದ ಕೆಲವು ಅಂಕಣಗಳಿರಬೇಕು: ಒಂದು ಮೊಳ ಸರಕ್ಕೆ ಎಷ್ಟು ಹೂವು ಹಿಡಿದವು, ತೊಟ್ಟು ದಾರಕ್ಕೆ ನಿಲ್ಲುತ್ತದೆಯೋ, ಮುಂಜಾನೆ ಕಟ್ಟಿದ ಸರವು ಸಂಜೆಯ ದೀಪ ಹಚ್ಚುವ ಹೊತ್ತಿಗೆ ಹೇಗಿದೆ, ಮರುದಿನ ಹೇಗಿದೆ, ಮಳೆ ಬಿದ್ದ ಮರುದಿನ ಹೂವಿನ ಒಳಗೆ ನೀರು ನಿಂತು ಕೊಳೆಯಿತೋ, ಪರಿಮಳ ಉಂಟೋ ಇಲ್ಲವೋ. ಇಂಥವುಗಳಿಗೆಲ್ಲ ಸೊನ್ನೆಯಿಂದ ಐದರ ವರೆಗೆ ಗುಣಾಂಕ ಕೊಡಬಹುದು. ಬಿತ್ತಿದ ದಿನ, ಮೊದಲ ಹೂವಿನ ದಿನ, ಪ್ರತಿ ಕೊಯ್ಲಿನ ಎಣಿಕೆ ಮತ್ತು ತೂಕ, ಹೂವು ನಿಂತ ದಿನ, ಇವನ್ನಂತೂ ತಪ್ಪದೆ ಬರೆಯಬೇಕು. ಬರೆಯದ ಪರೀಕ್ಷೆಯು ಕಂಡ ಕನಸಿನಂತೆ. ಮುಂಜಾನೆಗೆ ಅರ್ಧ ಮರೆತಿರುತ್ತದೆ, ಉಳಿದರ್ಧ ಬೇಕಾದಂತೆ ಬದಲಾಗಿರುತ್ತದೆ.

ಲೆಕ್ಕ ನೋಡುವಾಗ ಆತುರ ಸಲ್ಲದು. ಉದಾಹರಣೆಗೆ, ಒಂದನೆಯ ತಳಿಯ ಮೂರು ಮಡಿಗಳಲ್ಲಿ ಒಂದು ಕೊಯ್ಲಿಗೆ ೭೦, ೬೪, ೩೧ ಹೂಗಳೂ, ಎರಡನೆಯದರಲ್ಲಿ ೫೮, ೫೫, ೫೬ ಹೂಗಳೂ ಬಂದವೆಂದು ಊಹಿಸೋಣ. ಸರಾಸರಿಯು ಮೊದಲನೆಯದಕ್ಕೆ ೫೫, ಎರಡನೆಯದಕ್ಕೆ ೫೬ಕ್ಕಿಂತ ತುಸು ಹೆಚ್ಚು. ಇಷ್ಟರಿಂದ ಎರಡನೆಯದು ಮೇಲೆಂದು ಸಾರುವದು ಹುಡುಗಾಟಿಕೆ. ಒಂದನೆಯದರ ಮೂರನೆಯ ಮಡಿಯಲ್ಲಿ ಏನೋ ಕೊರತೆಯಿದೆ. ಬೇರು ಕೊಳೆತಿರಬಹುದು, ನೆರಳು ಬಿದ್ದಿರಬಹುದು. ಅಥವಾ ಆ ತಳಿಯು ನೆಲ ಒಳ್ಳೆಯದಿದ್ದರೆ ಬಹಳ ಕೊಟ್ಟು, ಕೆಟ್ಟದ್ದಿದ್ದರೆ ಕೈಬಿಡುವ ಸ್ವಭಾವದ್ದಾಗಿರಬಹುದು. ಎರಡನೆಯದಾದರೋ ಎಲ್ಲಿಟ್ಟರೂ ಒಂದೇ ನಡೆಯದು. ಇದ್ದುದರಲ್ಲಿ ಸುಖಿಯಾಗಿರುವ ಅಂಥ ತಳಿಯು ನೀರಿಗೆ ಕಷ್ಟವಿದ್ದವರಿಗೆ ಹೆಚ್ಚು ಹಿತ. ಒಂದೇ ತಳಿಯ ಮಡಿಗಳೊಳಗಿನ ಅಂತರವು ತಳಿ-ತಳಿಗಳ ಅಂತರಕ್ಕಿಂತ ದೊಡ್ಡದಾಗಿದ್ದರೆ, ತೀರ್ಪನ್ನು ಮುಂದಿನ ವರ್ಷಕ್ಕೆ ತಡೆಹಿಡಿಯುವದೇ ನ್ಯಾಯ. ಮಳೆಯೂ ಬಿಸಿಲೂ ವರ್ಷವರ್ಷಕ್ಕೆ ಬೇರೆಯಾದುದರಿಂದ ಹೇಗೂ ಎರಡು ವರ್ಷದ ಪುಸ್ತಕವಿಲ್ಲದೆ ಹೊಲಕ್ಕೆಲ್ಲ ಹಚ್ಚುವ ಧೈರ್ಯ ಮಾಡಬಾರದು.

ಕೆಲವು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುವದು ಒಳ್ಳೆಯದು. ಶಾವಂತಿಗೆಯನ್ನು ಪರೀಕ್ಷಿಸುವವರು ಬೀದಿಯ ದೀಪದ ಹತ್ತಿರ ಮಡಿ ಮಾಡಬಾರದು. ರಾತ್ರಿಗಳು ಉದ್ದವಾಗುತ್ತ ಬಂದುದನ್ನು ಅರಿತು ಮೊಗ್ಗು ಕಟ್ಟುವದು ಆ ಗಿಡದ ಸ್ವಭಾವ. ರಾತ್ರಿಯಿಡೀ ದೀಪದ ಬೆಳಕು ಬಿದ್ದರೆ ಅದಕ್ಕೆ ರಾತ್ರಿಯೇ ಆದಂತೆ ತೋರದೆ ಮೊಗ್ಗು ತಡವಾಗುತ್ತದೆ. ವ್ಯಾಪಾರಕ್ಕಾಗಿ ಬೆಳೆಯುವವರು ಹೂವನ್ನು ಹಿಂದೂಡಲು ಬೇಕೆಂದೇ ದೀಪ ಹಚ್ಚುವದುಂಟು. ನಮ್ಮ ಓಣಿಯ ದೀಪವು ಆ ಕೆಲಸವನ್ನು ಕೇಳದೆ ಮಾಡುತ್ತದೆ. ಆಸ್ಟರ್ ಬೀಜವು ಬಹುಬೇಗ ತನ್ನ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಳೆಯ ಬೀಜವನ್ನು ಹೊಸದರೊಡನೆ ಹೋಲಿಸುವದು ಅನ್ಯಾಯ. ಅದೇ ಆಸ್ಟರಿಗೆ ಸೊರಗು ರೋಗವುಂಟು. ಅದರ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವದರಿಂದ ಮರುವರ್ಷ ಮಡಿಯ ಜಾಗವನ್ನು ಬದಲಿಸತಕ್ಕದ್ದು. ಸಂಕರ ಬೀಜದ ಪೊಟ್ಟಣದಿಂದ ಬಂದ ಹೂವಿನ ಬೀಜವನ್ನು ಕೂಡಿಸಿಟ್ಟು ಬಿತ್ತಿದರೆ ತಾಯಿಯಂತಹ ಮಕ್ಕಳು ಹುಟ್ಟುವದಿಲ್ಲ. ಒಂದು ಎತ್ತರ, ಒಂದು ಗಿಡ್ಡ, ಒಂದು ಸುತ್ತೆಸಳು, ಒಂದು ಬರಿಯೆಸಳು ಎಂದು ಹಂಚಿಹೋಗುತ್ತವೆ. ಪ್ರತಿವರ್ಷವೂ ಅಂಗಡಿಗೆ ಹೋಗಬೇಕಾಗುವ ಈ ವೆಚ್ಚವನ್ನು ಲೆಕ್ಕದಲ್ಲಿ ಹಿಡಿಯದೆ ಅದನ್ನು ಊರ ಚೆಂಡಿಗಿಂತ ಮೇಲೆನ್ನುವದು ಸರಿಯಲ್ಲ.

ಊರ ಚೆಂಡು ಎಂದೆವು. ನಿಜವಾಗಿ ನೋಡಿದರೆ ಚೆಂಡು ಹೂವಿನ ತವರು ಮೆಕ್ಸಿಕೋ, ಗಲಾಟೆಯದು ಅಮೇರಿಕೆ, ಆಸ್ಟರಿನದು ಚೀನ. ಇಂದು ಚೆಂಡು ಹೂವಿಲ್ಲದೆ ನಮ್ಮ ಬಾಗಿಲಿಗೆ ಹಬ್ಬವೇ ಬಾರದೆಂಬಂತಾಗಿದೆ. ಹೊರಗಿನಿಂದ ಬಂದುದೆಲ್ಲ ಹೀಗೆ ಮನೆಯದಾಯಿತೇ? ಇಲ್ಲ. ಬಂದ ನೂರಾರು ಹೂಗಳಲ್ಲಿ ನಮ್ಮ ಅಜ್ಜಿ-ಮುತ್ತಜ್ಜಿಯರು ಹಿತ್ತಲದಲ್ಲಿ ಹಚ್ಚಿ ನೋಡಿ, ಬಾಡಿದ್ದನ್ನು ಬಿಟ್ಟು, ಬಾಳಿದ್ದನ್ನು ಉಳಿಸಿಕೊಂಡು, ಚೆಲುವಾದ ಗಿಡದ ಬೀಜವನ್ನೇ ಅರಿವೆಯಲ್ಲಿ ಗಂಟು ಕಟ್ಟಿ ಮುಂದಿನ ಮಳೆಗೆ ಇಟ್ಟುಕೊಂಡರು. ಅವರು ಪುಸ್ತಕವಿಡಲಿಲ್ಲ, ಅಂಕೆ ಬರೆಯಲಿಲ್ಲ. ಆದರೆ ಮಾಡಿದ್ದು ಪರೀಕ್ಷೆಯನ್ನೇ. ನಮ್ಮ ಊರ ತಳಿಯೆಂಬುದು ಆ ಹೆಂಗಸರ ದೀರ್ಘಕಾಲದ ತೀರ್ಪು. ಪೊಟ್ಟಣದ ಮೋಹದಿಂದ ಅದನ್ನು ಕಳೆದುಕೊಂಡರೆ ಮತ್ತೆ ಯಾವ ಅಂಗಡಿಯಲ್ಲಿಯೂ ಕೊಳ್ಳಲು ಸಿಗದು. ಪರೀಕ್ಷಾ ಮಡಿಯಲ್ಲಿ ಊರ ಹೂವಿಗೆ ಜಾಗವಿರಲಿ ಎಂದು ನಾವು ಒತ್ತಿ ಹೇಳುವದಕ್ಕೆ ಇದೂ ಒಂದು ಕಾರಣ.

ಮನೆಯ ಹಿತ್ತಲದಿಂದ ಏನಾದೀತು ಎಂದು ಸಂಶಯಪಡುವವರಿಗೆ ಅಮೇರಿಕೆಯ ಒಂದು ವೃತ್ತಾಂತವನ್ನು ಹೇಳುವೆವು. ಬರ್ಪೀ ಎಂಬ ಬೀಜದ ವ್ಯಾಪಾರದ ಮನೆಯವರು ೧೯೫೪ರಲ್ಲಿ ಒಂದು ಸವಾಲನ್ನು ಹಾಕಿದರು. ಚೆಂಡು ಹೂವಿನಲ್ಲಿ ಹಳದಿ ಮತ್ತು ಕಿತ್ತಳೆ ಬಣ್ಣಗಳೇ ಹೊರತು ನಿಜವಾದ ಬಿಳಿ ಇರಲಿಲ್ಲ. ಅಚ್ಚ ಬಿಳಿಯ ದೊಡ್ಡ ಚೆಂಡು ಹೂವಿನ ಬೀಜವನ್ನು ಕಳಿಸಿದವರಿಗೆ ಹತ್ತು ಸಾವಿರ ಡಾಲರು ಬಹುಮಾನವೆಂದು ಸಾರಿದರು. ಕಳಿಸಿದವರ ಬೀಜಗಳನ್ನು ತಮ್ಮ ಪರೀಕ್ಷಾ ಮಡಿಗಳಲ್ಲಿ ಹಚ್ಚಿ ನೋಡುತ್ತ ಬಂದರು. ವರ್ಷಗಳು ಕಳೆದವು. ಕೊನೆಗೆ ೧೯೭೫ರಲ್ಲಿ ಬಹುಮಾನವನ್ನು ಪಡೆದವರು ಪಂಡಿತರಲ್ಲ. ಅಯೋವಾ ಪ್ರಾಂತದ ಸಲ್ಲಿ ಎಂಬ ಸಣ್ಣ ಊರಿನ ಅಲಿಸ್ ವೊಂಕ್ ಎಂಬ ಗೃಹಿಣಿ. ತಮ್ಮ ತೋಟದಲ್ಲಿ ಎಲ್ಲಕ್ಕೂ ಬಿಳುಪಾದ ಹೂವುಗಳ ಬೀಜವನ್ನೇ ವರ್ಷವರ್ಷವೂ ಆರಿಸಿ ಬಿತ್ತುತ್ತ ಬಂದುದೇ ಆಕೆಯ ವಿದ್ಯೆ. ತಾಳ್ಮೆ, ಕಣ್ಣು, ಗುರುತಿಟ್ಟುಕೊಳ್ಳುವ ಅಭ್ಯಾಸ ಇವು ಮೂರಿದ್ದರೆ ಹಿತ್ತಲವೂ ವಿದ್ಯಾಲಯವಾಗುತ್ತದೆ.

ನಮ್ಮ ದೇಶದ ಕಾಯದೆಯೂ ಇಂಥವರ ಪಕ್ಷಕ್ಕಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ೨೦೦೧ರ ಕಾಯದೆಯ ಮೇರೆಗೆ ರೈತನು ತಾನು ಬೆಳೆಸಿ ಉಳಿಸಿಕೊಂಡ ತಳಿಯನ್ನು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಬಹುದು. ಅದಕ್ಕಾಗಿ ತಳಿಯು ಬೇರೆಯವುಗಳಿಂದ ಸ್ಪಷ್ಟವಾಗಿ ಭಿನ್ನವಾಗಿದೆಯೇ, ಗಿಡಗಳೆಲ್ಲ ಏಕರೂಪವಾಗಿವೆಯೇ, ತಲೆಮಾರಿನಿಂದ ತಲೆಮಾರಿಗೆ ಗುಣವು ಸ್ಥಿರವಾಗಿದೆಯೇ ಎಂಬ ಮೂರು ಮಾತುಗಳನ್ನು ಮಡಿಗಳಲ್ಲಿ ಹಚ್ಚಿಯೇ ನೋಡುತ್ತಾರೆ. ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಅಂಗಡಿಯ ಮುದ್ರೆಯಿಲ್ಲದೆ ಮಾರುವ ಹಕ್ಕನ್ನೂ 그 ಕಾಯದೆಯು ರೈತನಿಗೆ ಉಳಿಸಿದೆ.

ಒಬ್ಬೊಬ್ಬರ ಮಡಿಯಿಂದ ಒಬ್ಬೊಬ್ಬರಿಗೆ ಲಾಭವುಂಟು. ಆದರೆ ನಾಲ್ಕು ಮನೆಯ ಪುಸ್ತಕಗಳು ಒಂದೆಡೆ ಸೇರಿದರೆ ಊರಿಗೇ ಲಾಭ. ಕಿತ್ತೂರಿನ ಒಬ್ಬರು, ಬೈಲಹೊಂಗಲದ ಒಬ್ಬರು, ಸವದತ್ತಿಯ ಒಬ್ಬರು, ರಾಮದುರ್ಗದ ಒಬ್ಬರು ಅದೇ ಮೂರು ತಳಿಗಳನ್ನು ಅದೇ ವಾರದಲ್ಲಿ ಬಿತ್ತಿ, ಬರೆದಿಟ್ಟುದನ್ನು ಬನ್ನಿ ಕೊಡುವ ನೆವದಲ್ಲಿ ಕೂಡಿದಾಗ ಹೋಲಿಸಿ ನೋಡಲಿ. ಮಸಾರಿಗೆ ಯಾವುದು, ಎರಿಗೆ ಯಾವುದು, ಮಳೆಗೆ ಯಾವುದು, ಬಿಸಿಲಿಗೆ ಯಾವುದು ಎಂಬುದು ಎರಡೇ ವರ್ಷಗಳಲ್ಲಿ ಬೆಳಕಿಗೆ ಬಂದೀತು. ಬೀಗರು, ನೆರೆಯವರು, ಹೆಣ್ಣುಮಕ್ಕಳ ತವರು ಎಂಬ ಸಂಬಂಧದ ಎಳೆಗಳು ಈ ಭಾಗದ ತುಂಬ ಹರಡಿಕೊಂಡಿರುವಾಗ ಇದೇನೂ ಕಷ್ಟದ ಕೆಲಸವಲ್ಲ.

ಹತ್ತು ಗುಂಟೆಯ ಒಕ್ಕಲಿಗನಿಗೆ ಇದು ಹಬ್ಬದ ಬುಟ್ಟಿಯ ಭರವಸೆ. ಪೇಟೆಯ ಗೃಹಸ್ಥನಿಗೆ ಹಿತವಾದ ವಿನೋದ. ಮಕ್ಕಳಿಗಾದರೋ ಕಣ್ಣಿಗೆ ಕಂಡುದನ್ನು ಎಣಿಸಿ, ಎಣಿಸಿದ್ದನ್ನು ಬರೆದು, ಬರೆದುದರ ಮೇಲೆಯೇ ಮಾತಾಡುವ ಒಳ್ಳೆಯ ಶಿಕ್ಷಣ. ಬರುವ ಮಿರಗದ ಮಳೆಗೆ ಮೊದಲೇ ಜಾಗವನ್ನು ಗೊತ್ತುಮಾಡಿ, ಕಡ್ಡಿಗಳನ್ನು ಸೀಳಿಟ್ಟು, ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಬೇರೆಯಾಗಿ ತೆಗೆದಿರಿಸಿರಿ. ಪರೀಕ್ಷೆಯಲ್ಲಿ ಗೆದ್ದ ಗಿಡದ ಬೀಜವನ್ನು ಬೆರಕೆಯಾಗದಂತೆ ಕಾಯ್ದು ತೆಗೆದು, ಒಣಗಿಸಿ, ಇಡುವ ಕ್ರಮವನ್ನು ಮುಂದಿನ ತಿಂಗಳು ವಿವರಿಸುವೆವು.